ಕೌಂಟು ಪಡೆದ ಆರು ಗಂಟೆ

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವಾಗ ಒಳಗಿನ ಹುಳುವೂ ಬೇಯುತ್ತದಲ್ಲ, ಆ ವಾಸನೆ. ಹೊಸಬರು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಾರೆ, ಊರಿನವರಿಗೆ ಅಂಥದ್ದೊಂದು ಇದೆ ಅನ್ನುವುದೇ ಮರೆತುಹೋಗಿರುತ್ತದೆ. ಏಳು ವರ್ಷ ಚಿಕ್ಕಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಇಲ್ಲಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಬಿಟ್ಟು ನಾಲ್ಕು ವರ್ಷವಾಗಿದೆ. ಪರೀಕ್ಷೆಯ ಮೇಲ್ವಿಚಾರಣೆಗೆಂದು ಒಂದು ದಿನದ ಮಟ್ಟಿಗೆ ಬಂದಿದ್ದೆ. ಬೆಳಗಿನ ಪೇಪರ್ ಮುಗಿಸಿ ನೆಟ್ಟಗೆ ಬಸ್ ಹತ್ತಬೇಕಿತ್ತು, ಹತ್ತಲಿಲ್ಲ. ಅದಕ್ಕೆ ಕಾರಣ ಸುಬೇದಾರ್ ಬೈರೆಡ್ಡಿ, ಮತ್ತೆ ಸುಮಾರು ಐನೂರು ವರ್ಷದ ಹಿಂದೆ ಸತ್ತ ಒಬ್ಬ ಡಚ್ ಸರದಾರ.

ನಾನು ಇಲ್ಲಿ ಪಾಠ ಮಾಡಿದ ಕೊನೆಯ ವರ್ಷ ಮಳೆ ಬಿಡಲೇ ಇಲ್ಲ. ನಮ್ಮ ಕಡೆ ಮಳೆ ಎಂದರೆ ಮೋಡ ಬಂದು ಮುಖ ತೋರಿಸಿ ಹೋಗುವುದು. ಆ ವರ್ಷ ಮಾತ್ರ ಆಷಾಢದಲ್ಲಿ ಹಿಡಿದದ್ದು ಕಾರ್ತಿಕದವರೆಗೆ ಸುರಿಯಿತು. ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳಲ್ಲಿ ಕೆರೆ ಕೋಡಿ ಬಿದ್ದವು. ಕಾಲೇಜಿನ ಗೋಡೆಗೆ ಪಾಚಿ ಬಂತು. ದೂರಶಿಕ್ಷಣದಲ್ಲಿ ಎಂ.ಎ. ಮಾಡುವವರಿಗೆ ನಮ್ಮ ಕಾಲೇಜಿನಲ್ಲೇ ಭಾನುವಾರದ ತರಗತಿ ನಡೆಯುತ್ತಿತ್ತು. ಅದನ್ನು ಯಾರೂ ಒಪ್ಪಿಕೊಳ್ಳುತ್ತಿರಲಿಲ್ಲವಾದ್ದರಿಂದ ಅತಿಥಿ ಉಪನ್ಯಾಸಕಿಯಾದ ನನ್ನ ತಲೆಗೆ ಕಟ್ಟಿದ್ದರು.

ಕೊನೆಯ ವರ್ಷದವರು ಒಂದು ಕಿರುಪ್ರಬಂಧ ಬರೆಯಬೇಕು. ವಿಷಯಗಳ ಪಟ್ಟಿ ಮಾಡಿದ್ದವಳು ನಾನೇ. ಎಲ್ಲರೂ ಫ್ರೆಂಚ್ ಕ್ರಾಂತಿಗೆ ಮುಗಿಬಿದ್ದರು, ಏಕೆಂದರೆ ಅದಕ್ಕೆ ನೋಟ್ಸ್ ಸಿಗುತ್ತದೆ. ಪಟ್ಟಿ ಉದ್ದ ಕಾಣಲಿ ಅಂತ ಕೊನೆಯಲ್ಲಿ ನಾನು ತುರುಕಿದ್ದ ಒಂದು ವಿಷಯ ಉಳಿಯಿತು: ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಕೈಕೆಳಗೆ ದಂಡನಾಯಕನಾಗಿದ್ದ ಒಬ್ಬ ಡಚ್ ಕೌಂಟನ ಜೀವನ. ಹಿಂದಿನ ಬೆಂಚಿನಿಂದ ಬಿಳಿ ಮೀಸೆಯ ಒಬ್ಬರು ಎದ್ದು ನಿಂತು, "ಇದು ನಂಗಿರ್ಲಿ ಮೇಡಂ" ಅಂದರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತಿಯಾಗಿ ದಿಬ್ಬೂರಹಳ್ಳಿ ಹತ್ತಿರದ ತಮ್ಮ ಊರಿನಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ನೋಡಿಕೊಂಡಿದ್ದ ಬೈರೆಡ್ಡಿ. ಅರವತ್ತೆರಡು ವರ್ಷ. ಕೆಸರಿನಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದರೂ ಶೂ ಥಳಥಳ ಅನ್ನುತ್ತಿತ್ತು. ಅದು ಹೇಗೆ ಅಂತ ಕೇಳಿದರೆ, ಗೇಟಿನ ಹತ್ತಿರ ಒರೆಸಿಕೊಳ್ಳುತ್ತೇನೆ, ಚೀಲದಲ್ಲಿ ಬಟ್ಟೆ ಇದೆ ಅಂದರು.

ಆ ಕೌಂಟನ ಹೆಸರನ್ನು ಅವರು ಒಂದು ಸಲವೂ ನೆಟ್ಟಗೆ ಉಚ್ಚರಿಸಲಿಲ್ಲ. "ನಮ್ ಕೌಂಟು" ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಕೌಂಟು ಅನ್ನುವುದು ನಮ್ಮ ಪಾಳೇಗಾರಿಕೆಯಂಥ ಪದವಿ; ಇವನು ಡಚ್ ನಾಡಿನ ದೊಡ್ಡ ಮನೆತನದವನು. ನೆಲ ತನ್ನದು, ಭಾಷೆ ತನ್ನದು, ಆದರೆ ಮೇಲಿನ ದೊರೆ ಬೇರೆಯವನು. ಸ್ಪೇನು, ಜರ್ಮನಿ, ಇಟಲಿ ಎಲ್ಲ ಕಡೆ ಕಾಲು ಚಾಚಿದ್ದ ಚಕ್ರವರ್ತಿ ಅವನು. ಅಪ್ಪನೂ ಆ ವಂಶದ ಸೇವೆಯಲ್ಲಿದ್ದ, ಮಗನೂ ಸೇರಿದ. ಚಕ್ರವರ್ತಿ ಬೆರಳು ತೋರಿಸಿದ ಕಡೆ ಹೋಗಿ ಕಾದಿದ. ಫ್ರೆಂಚರ ಮೇಲೆ ಹೋದ, ಉತ್ತರದ ಒಂದು ಪ್ರಾಂತಕ್ಕೆ ಅಧಿಕಾರಿಯಾದ. ಜರ್ಮನಿಯ ರಾಜರು ಚಕ್ರವರ್ತಿಗೆ ತಿರುಗಿಬಿದ್ದಾಗ ದೊಡ್ಡ ಪಡೆ ಕಟ್ಟಿಕೊಂಡು, ವೈರಿಗಳ ಕಣ್ಣು ತಪ್ಪಿಸಿ ರೈನ್ ನದಿ ದಾಟಿ ಚಕ್ರವರ್ತಿಯನ್ನು ಸೇರಿಕೊಂಡ.

ನನಗೆ ಇದು ನಾಲ್ಕು ಸಾಲಿನ ಸಂಗತಿ. ಬೈರೆಡ್ಡಿಗೆ ಹಾಗಲ್ಲ. ಅವರು ಸೈನ್ಯದಲ್ಲಿ ಇದ್ದದ್ದೇ ಸಾಮಾನು ಸಾಗಿಸುವ ಲಾರಿಗಳ ದಳದಲ್ಲಿ. ಅಷ್ಟು ಕುದುರೆಗಳಿಗೆ ಮೇವು ಎಲ್ಲಿಂದ ತಂದರು, ದೋಣಿ ಎಷ್ಟು, ಮೊದಲು ಯಾರನ್ನು ದಾಟಿಸಿದರು ಅಂತ ನನ್ನ ಪ್ರಾಣ ತಿಂದರು. ನನಗೆ ಗೊತ್ತಿಲ್ಲ, ಪುಸ್ತಕದಲ್ಲೂ ಇಲ್ಲ ಅಂದರೆ ಬೇಜಾರು ಮಾಡಿಕೊಂಡರು. ಗ್ರಾಫ್ ಹಾಳೆಯ ಮೇಲೆ ನದಿ ಬರೆದು, ಕಾವಲು ಎಲ್ಲಿರಬೇಕಿತ್ತು ಅಂತ ತಾವೇ ಗುರುತು ಹಾಕಿಕೊಂಡು ಬಂದರು. ಒಂದು ದಿನ ಹಾಳೆ ಮಡಚುತ್ತಾ ಹೇಳಿದರು: "ಯಾರ್ ರಾಜ್ಯ, ಯಾರ್ ಯುದ್ಧ. ನಾವೂ ಅಷ್ಟೇ ಮೇಡಂ. ಇಲ್ಲಿ ರಾಗಿಮುದ್ದೆ ತಿಂದ್ಕೊಂಡ್ ಬೆಳ್ದು, ಯಾವ್ದೋ ಹಿಮದ ಗುಡ್ಡ ಕಾದ್ವಿ."

ಶ್ರಾವಣದಲ್ಲಿ ಅವರ ಕಣ್ಣು ಹಳದಿಯಾಯಿತು. ಹೊಟ್ಟೆ ನೋವಿಲ್ಲ, ಜ್ವರವಿಲ್ಲ, ಬರೀ ಹಳದಿ, ಮೈಯೆಲ್ಲ ತುರಿಕೆ. ಮಗಳು ಗೀತಾ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಟೀಚರ್. ಅವಳು ಬೆಂಗಳೂರಿಗೆ ಕರೆದುಕೊಂಡು ಹೋದಳು. ಯಾವುದೋ ನಾಳಕ್ಕೆ ಕೊಳವೆ ಹಾಕಿ ಹತ್ತು ದಿನಕ್ಕೆ ಕಳಿಸಿದರು. ಕಾಮಾಲೆಯಂತೆ, ಪಥ್ಯ ಇದ್ದರೆ ಸರಿಹೋಗುತ್ತದಂತೆ ಅಂತ ಬೈರೆಡ್ಡಿ ನನಗೆ ಫೋನಿನಲ್ಲಿ ಹೇಳಿದರು. ಮಾರನೆ ದಿನವೇ ಗೀತಾ ಕಾಲೇಜಿಗೆ ಬಂದಳು. ವರಾಂಡದ ತುದಿಗೆ ಕರೆದುಕೊಂಡು ಹೋಗಿ, ಮಳೆಯ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ, ಮೇದೋಜೀರಕದ ಕ್ಯಾನ್ಸರ್ ಅಂದಳು. ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು. ಅಪ್ಪನಿಗೆ ಗೊತ್ತಿಲ್ಲ, ಗೊತ್ತಾಗಲೂ ಬಾರದು. ಫೈಲನ್ನು ತನ್ನ ಸ್ಕೂಲಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು.

"ಅಪ್ಪ ನಿಮ್ಮನ್ನ ಕೇಳೇ ಕೇಳ್ತಾರೆ ಮೇಡಂ. ನೀವ್ ಓದಿದೋರು ಅಂತ ನಿಮ್ಮ ಮಾತು ನಂಬ್ತಾರೆ. ಗೊತ್ತಾದ್ರೆ ಅವತ್ನಿಂದಾನೇ ಸಾಯೋಕ್ ಶುರು ಮಾಡ್ತಾರೆ. ಹೇಳಲ್ಲ ಅಂತ ಮಾತು ಕೊಡಿ," ಅಂತ ನನ್ನ ಎರಡೂ ಕೈ ಹಿಡಿದುಕೊಂಡಳು. ಕೊಟ್ಟೆ. ನಮ್ಮ ಕಡೆ ಇದೇನು ಹೊಸದಲ್ಲ. ಸಾಯುವವನೊಬ್ಬನನ್ನು ಬಿಟ್ಟು ಬೀದಿಗೆಲ್ಲ ಗೊತ್ತಿರುತ್ತದೆ. ನಮ್ಮಮ್ಮನಿಗೂ ಗ್ಯಾಸ್ಟ್ರಿಕ್ ಅಂತಲೇ ಹೇಳಿದ್ದೆವು. ಅಮ್ಮ ಕೊನೆಯ ವಾರದವರೆಗೂ ಹುರುಳಿಕಾಳು ತಿನ್ನಲಿಲ್ಲ, ಗ್ಯಾಸ್ ಆಗುತ್ತದೆ ಅಂತ. ನಾವು ಅದನ್ನು ಪ್ರೀತಿ ಅಂದುಕೊಂಡಿದ್ದೆವು.

ಬೈರೆಡ್ಡಿ ಕಾಲೇಜಿಗೆ ಬರುವುದು ನಿಂತಿತು. ಶನಿವಾರ ಮಧ್ಯಾಹ್ನ ನಾನೇ ದಿಬ್ಬೂರಹಳ್ಳಿ ಬಸ್ ಹತ್ತತೊಡಗಿದೆ. ಮನೆಯೊಳಗೆ ಕಾಲಿಟ್ಟರೆ ನಡುಮನೆಯ ತುಂಬ ಹಳೇ ಸೀರೆ ಹಾಸಿ ಅದರ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡಿ ಫ್ಯಾನ್ ಹಾಕಿರುತ್ತಿದ್ದರು. ನೆಂದ ಸೊಪ್ಪು ತಿಂದರೆ ಹುಳು ಸಾಯುತ್ತದೆ. ಅಷ್ಟು ಮಾಡಿದರೂ ಆ ಮಳೆಗಾಲ ಎರಡು ಬೆಳೆ ಹುಳು ಕೊಳೆತುಹೋಯಿತು. ಹೆಂಡತಿ ಪಾರ್ವತಮ್ಮ ಬುಟ್ಟಿಯಲ್ಲಿ ತುಂಬಿಕೊಂಡು ಹೋಗಿ ಗುಂಡಿಗೆ ಸುರಿದು ಬರುತ್ತಿದ್ದರು. ಬಂದು ಕೈ ತೊಳೆದು, ನೆಲನೆಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕಲಸಿ ಗಂಡನಿಗೆ ಕೊಡುತ್ತಿದ್ದರು. ಮುರುಗಮಲ್ಲದ ದರ್ಗಾದಿಂದ ತಂದ ದಾರ ಅವರ ತೋಳಿಗೆ ಕಟ್ಟಿದ್ದರು. ಬೈರೆಡ್ಡಿ ಎಣ್ಣೆ ಮುಟ್ಟಲಿಲ್ಲ, ಖಾರ ಮುಟ್ಟಲಿಲ್ಲ. ಮೇಲಧಿಕಾರಿಯ ಹುಕುಂ ಪಾಲಿಸಿದ ಹಾಗೆ ಪಥ್ಯ ಮಾಡಿದರು. ಬೆಳಿಗ್ಗೆ ಬೆಳಿಗ್ಗೆ ಕೈಗನ್ನಡಿ ಹಿಡಿದು ಕಣ್ಣಿನ ಬಣ್ಣ ನೋಡಿಕೊಂಡು, ಸ್ವಲ್ಪ ಇಳಿದಿದೆಯೇನೇ ಅಂತ ಹೆಂಡತಿಯನ್ನು ಕೇಳುತ್ತಿದ್ದರಂತೆ. ಆಕೆ ಹೌದು ಅಂದು ಹಟ್ಟಿಗೆ ಹೋಗಿ ಅತ್ತು ಬರುತ್ತಿದ್ದರು.

ಭಾದ್ರಪದದ ಒಂದು ಶನಿವಾರ ಹೋದಾಗ ಅವರು ಮಂಚದ ಮೇಲೆ ಒರಗಿ, ನಾನು ಕೊಟ್ಟಿದ್ದ ಜೆರಾಕ್ಸ್ ಕಟ್ಟನ್ನು ಎದೆಯ ಮೇಲಿಟ್ಟುಕೊಂಡಿದ್ದರು. ಕೌಂಟನ ಸಾವಿನ ಅಧ್ಯಾಯ ಓದಿ ಮುಗಿಸಿದ್ದರು. ಆ ಸಂಗತಿ ಹೀಗಿದೆ. ಯುದ್ಧ ಮುಗಿಸಿ ಬಂದ ಕೌಂಟಿಗೆ ಗಂಟಲ ಕಾಯಿಲೆಯಾಯಿತು. ಚಕ್ರವರ್ತಿಯ ವೈದ್ಯ ಬಂದು ನೋಡಿ, ಇನ್ನು ಐದಾರು ಗಂಟೆ ಅಷ್ಟೇ ಅಂತ ಮುಖಕ್ಕೆ ಮುಖ ಕೊಟ್ಟು ಹೇಳಿಬಿಟ್ಟ. ಕೌಂಟು ವೈದ್ಯನಿಗೆ ವಂದನೆ ಹೇಳಿದ. ಸ್ನೇಹಿತರನ್ನೆಲ್ಲ ಕರೆಸಿದ, ಉಯಿಲು ಬರೆಸಿದ. ಆಮೇಲೆ ತನ್ನ ಉಕ್ಕಿನ ಕವಚ ತರಿಸಿ, ತಲೆಯಿಂದ ಕಾಲಿನವರೆಗೆ ತೊಟ್ಟು, ಚಕ್ರವರ್ತಿ ಕೊಟ್ಟಿದ್ದ ಮರ್ಯಾದೆಯ ಹಾರ ಹಾಕಿಕೊಂಡು ಕುರ್ಚಿಯಲ್ಲಿ ಕೂತ. ಒಬ್ಬೊಬ್ಬರಿಗೂ ಹೇಳಬೇಕಾದ್ದು ಹೇಳಿ, ಚಕ್ರವರ್ತಿಯ ಹೆಸರಿನಲ್ಲಿ ಒಂದು ಬಟ್ಟಲು ಕುಡಿದು, ಕೂತಲ್ಲೇ ಸತ್ತ.

"ಆರು ಗಂಟೆ ಸಿಕ್ತು ನೋಡಿ ಮೇಡಂ ಅವ್ರಿಗೆ," ಅಂದರು ಬೈರೆಡ್ಡಿ. "ಆರು ಗಂಟೆ ಸಾಕು. ನಂಗಾದ್ರೆ ಅಷ್ಟೂ ಬೇಡ. ಶಿಡ್ಲಘಟ್ಟಕ್ಕೆ ಹೋಗಿ ಬರೋವಷ್ಟು ಹೊತ್ತು ಸಾಕು."

ಯಾಕೆ ಅಂತ ಕೇಳಿದೆ. ಕೇಳಬಾರದಿತ್ತು. ಹೊರಗೆ ಹಂಚಿನಿಂದ ನೀರು ಸುರಿಯುತ್ತಿತ್ತು. ಪಾರ್ವತಮ್ಮ ತೋಟದಲ್ಲಿದ್ದರು. ಹೆಂಡತಿಗೂ ಹೇಳದ ಸಂಗತಿಯನ್ನು ಅವರು ನನಗೆ ಹೇಳಿದರು.

ಅದಕ್ಕೆ ಇಪ್ಪತ್ತಮೂರು ವರ್ಷದ ಹಿಂದೆ ಉತ್ತರದ ಬೆಟ್ಟದ ರಸ್ತೆಯಲ್ಲಿ ಹನ್ನೆರಡು ಲಾರಿಗಳ ಸಾಲಿಗೆ ಇವರು ಮುಖ್ಯಸ್ಥ. ಆರನೇ ಲಾರಿಯ ಡ್ರೈವರ್ ಇನಾಯತ್, ಶಿಡ್ಲಘಟ್ಟದವನೇ. ಊರಿನವನು ಅಂತ ಇವರಿಗೆ ಅವನ ಮೇಲೆ ಸಲಿಗೆ. ಬೆಳಿಗ್ಗೆ ಹೊರಡುವ ಮುಂಚೆ ಇನಾಯತ್ ಬಂದು, ಬ್ರೇಕ್ ಸರಿಯಿಲ್ಲ ಸಾಬ್, ಇವತ್ತು ನನ್ನ ಗಾಡಿ ಕಳಿಸಬೇಡಿ ಅಂದ. ಹಿಮ ಬೀಳುವುದರೊಳಗೆ ಕಣಿವೆ ದಾಟಿಸಬೇಕು ಅಂತ ಮೇಲಿನಿಂದ ಹುಕುಂ. ಸಾಲಿನಲ್ಲಿ ಒಂದು ಗಾಡಿ ಕಡಿಮೆಯಾದರೆ ಇವರು ಜವಾಬು ಹೇಳಬೇಕು. ಕೆಳಗಿಳಿದ ಮೇಲೆ ಮಾಡಿಸಣ, ಹೊರಡೋ ಅಂದರು. ಇನಾಯತ್ ಹೊರಟ. ಲಾರಿ ಮೂರನೇ ತಿರುವಿನಲ್ಲಿ ಕಣಿವೆಗೆ ಬಿತ್ತು. ಅವನ ಜೊತೆ ಹಿಂದೆ ಕೂತಿದ್ದ ಇಬ್ಬರು ಸಿಪಾಯಿಗಳೂ ಹೋದರು. ವಿಚಾರಣೆಯಲ್ಲಿ, ಬ್ರೇಕ್ ವಿಷಯ ಡ್ರೈವರ್ ನನ್ನ ಗಮನಕ್ಕೆ ತಂದಿರಲಿಲ್ಲ ಅಂತ ಬೈರೆಡ್ಡಿ ಬರೆದುಕೊಟ್ಟರು. ಡ್ರೈವರಿನ ಅಜಾಗರೂಕತೆ ಅಂತ ಷರಾ ಆಯಿತು. ಇವರಿಗೆ ಮುಂದೆ ಬಡ್ತಿ ಬಂತು. ಶಿಡ್ಲಘಟ್ಟದಲ್ಲಿ ಇನಾಯತನ ಹೆಂಡತಿ ಮೆಹರುನ್ನೀಸಾ, ಇಬ್ಬರನ್ನು ಕೊಂದು ಸತ್ತವನ ಹೆಂಡತಿ ಅಂತ ಅನ್ನಿಸಿಕೊಂಡು ಉಳಿದಳು. ಈಗ ಕೋಟೆ ಹಿಂದಿನ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುವ ಕಡೆ ಕೆಲಸ ಮಾಡುತ್ತಾಳೆ.

ಎಷ್ಟು ಸಲ ಆ ಬೀದಿಯ ಮೂಲೆಯಲ್ಲಿ ಸ್ಕೂಟರ್ ನಿಲ್ಲಿಸಿದ್ದರೋ, ಅಷ್ಟೂ ಸಲ ವಾಪಸು ಬಂದಿದ್ದರು. ಈ ಸಲ ಹೋಗುವುದು ಹೋಗುವುದೇ ಅಂತ ನಿರ್ಧಾರ ಮಾಡಿದ್ದರು. ಯೂನಿಫಾರ್ಮು ಇಸ್ತ್ರಿ ಮಾಡಿಸಿ ಬೀರುವಿನ ಹಿಡಿಗೆ ನೇತುಹಾಕಿದ್ದರು, ಎದೆಯ ಮೇಲೆ ಪದಕಗಳ ಸಾಲು. ಆ ಪದಕಗಳನ್ನು ಅವಳ ಎದುರು ಬಿಚ್ಚಿಟ್ಟು ಹೇಳಬೇಕು ಅನ್ನುವುದು ಅವರ ಯೋಚನೆ. ಹಾಗಾದರೆ ನಾಳೆಯೇ ಹೋಗಿ, ನಾನೂ ಬರುತ್ತೇನೆ ಅಂದೆ. ನನ್ನ ದನಿ ಯಾಕೋ ಗಟ್ಟಿಯಾಗಿತ್ತು. ಅವರು ಬೇಡ ಅಂತ ತಲೆಯಾಡಿಸಿದರು.

"ಈ ಹಳದಿ ಮುಖ ಹೊತ್ಕೊಂಡ್ ಹೋಗಲ್ಲ ಮೇಡಂ. ಸಾಯೋ ಭಯಕ್ಕೆ ಬಂದ ಅಂತ ಅಂದ್ಕೋತಾಳೆ. ಹುಷಾರಾಗಿ, ಗಟ್ಟಿಯಾಗಿ, ನಿಂತ್ಕೊಂಡ್ ಹೇಳ್ಬೇಕು." ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೇಳಿದರು: "ಇದು ಕಾಮಾಲೆನೇ ತಾನೇ? ಗೀತಾ ನಿಮ್ ಹತ್ರ ಬೇರೆ ಏನಾದ್ರೂ ಹೇಳಿದ್ಳಾ?"

ಅಯ್ಯೋ ನನ್ನ ಜನ್ಮವೇ. ಇವತ್ತಿಗೂ ಆ ಕ್ಷಣ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಇತಿಹಾಸದ ಮೇಡಂ ಅಂತೆ, ಯಾವ ರಾಜ ಯಾವಾಗ ತಪ್ಪು ಮಾಡಿದ ಅಂತ ನಲವತ್ತು ಜನರ ಮುಂದೆ ನಿಂತು ತೀರ್ಪು ಕೊಡುವವಳು. ನನಗೆ ಗೀತಾ ಹಿಡಿದ ಕೈ ನೆನಪಾಯಿತು, ಮಾತು ಕೊಟ್ಟಿದ್ದು ನೆನಪಾಯಿತು. ಅದೂ ಪೂರ್ತಿ ನಿಜವಲ್ಲ. ನಿಜ ಏನೆಂದರೆ ನನಗೆ ಭಯವಾಯಿತು. ಆ ಹಳದಿ ಕಣ್ಣಿನ ಎದುರು ಆ ಮಾತು ಆಡಿದ ಮೇಲೆ ಅಲ್ಲೇ ಕೂತಿರಬೇಕಲ್ಲ, ಆ ಭಯ. "ಕಾಮಾಲೆನೇ ಸರ್. ಮಳೆಗಾಲ ಅಲ್ವಾ, ಇಳಿಯೋದು ನಿಧಾನ," ಅಂದೆ.

ಅವರ ಮುಖ ಗೆಲುವಾಯಿತು. ಹಾಗಾದರೆ ಕಾರ್ತಿಕ ಹುಣ್ಣಿಮೆ ಕಳೆಯಲಿ ಅಂದರು. ಪ್ರಬಂಧದ ಮೌಖಿಕ ಪರೀಕ್ಷೆ, ವೈವಾ, ಹೇಗೂ ಅದಾದ ಮೇಲೆಯೇ. ಸಾವಿನ ಅಧ್ಯಾಯವನ್ನು ಆಮೇಲೆ ನಿಧಾನಕ್ಕೆ ಬರೆಯುತ್ತೇನೆ, ಅವಸರದಲ್ಲಿ ಬರೆಯುವಂಥದ್ದಲ್ಲ ಅಂತಲೂ ಹೇಳಿದರು.

ಆಮೇಲೆ ನಾನು ಶನಿವಾರಗಳನ್ನು ತಪ್ಪಿಸತೊಡಗಿದೆ. ಒಂದು ಸಲ ಮಳೆಯ ನೆಪ, ಒಂದು ಸಲ ಜ್ವರದ ನೆಪ. ಗೀತಾಗೆ ಒಂದು ಸಲ ಫೋನ್ ಮಾಡಿ, ಅಪ್ಪನಿಗೆ ಏನೋ ಒಂದು ಕೆಲಸ ಬಾಕಿ ಇದೆ, ಹೇಳಿಬಿಡುವುದು ಒಳ್ಳೆಯದಲ್ಲವೇನಮ್ಮ ಅಂತ ಕೇಳಿದೆ. ಏನು ಕೆಲಸ ಅಂದಳು. ಅದನ್ನು ನಾನು ಹೇಳುವ ಹಾಗಿರಲಿಲ್ಲ. ಇನ್ನೇನು ಬಾಕಿ ಇರುತ್ತೆ ಮೇಡಂ, ಇರುವಷ್ಟು ದಿನ ಆಸೆ ಇಟ್ಟುಕೊಂಡು ಇರಲಿ ಬಿಡಿ ಅಂದಳು. ಅವಳನ್ನು ತಪ್ಪು ಅನ್ನಲಾರೆ. ಸ್ಕೂಲು, ಆಸ್ಪತ್ರೆ, ತೋಟ ಅಂತ ಓಡಾಡಿ ಅವಳು ಅರ್ಧವಾಗಿದ್ದಳು.

ಕಾರ್ತಿಕದಲ್ಲಿ ದಿಬ್ಬೂರಹಳ್ಳಿ ಕಡೆಯ ಕೆರೆಗಳೆಲ್ಲ ತುಂಬಿ ಹರಿದವು. ಹೆಂಗಸರು ಬಾಗಿನ ಬಿಡಲು ಹೊರಟರು, ಹೊಸ ಸೀರೆ ಉಟ್ಟವರಿಂದ ಬಸ್ಸು ತುಂಬಿತ್ತು. ಬಾಗಿನ ಬಿಟ್ಟ ದಿನವೇ ಬೈರೆಡ್ಡಿಗೆ ಚಳಿಜ್ವರ ಬಂದು ಪ್ರಜ್ಞೆ ತಪ್ಪಿತು. ಹುಣ್ಣಿಮೆಗೆ ಇನ್ನೂ ನಾಲ್ಕು ದಿನವಿತ್ತು. ಬೆಂಗಳೂರಿನ ಆಸ್ಪತ್ರೆಗೆ ನಾನು ಹೋಗುವ ಹೊತ್ತಿಗೆ ತೀವ್ರ ನಿಗಾ ಘಟಕದಲ್ಲಿ ಅವರ ಬಾಯಿಗೆ ಕೊಳವೆ ಹಾಕಿದ್ದರು. ಮೀಸೆಯ ಒಂದು ಪಕ್ಕ ಬೋಳಿಸಿದ್ದರು, ಕೊಳವೆಗೆ ಪಟ್ಟಿ ಅಂಟಿಸಲು. ಹಸಿರು ಗೌನು ಹಿಂದೆ ಬಿಚ್ಚಿಕೊಂಡಿತ್ತು. ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಕೊಳವೆ ಕೀಳುತ್ತಾರೆ, ಅದಕ್ಕೆ ಅಂತ ನರ್ಸ್ ಹೇಳಿದಳು.

ಅವರಿಗೆ ಪ್ರಜ್ಞೆ ಇತ್ತು. ನನ್ನನ್ನು ನೋಡಿದರು. ಕಟ್ಟಿದ ಬಲಗೈಯ ತೋರುಬೆರಳು ಹಾಸಿಗೆಯ ಮೇಲೆ ಬರೆಯುವವರ ಹಾಗೆ ಆಡತೊಡಗಿತು. ನೀರು ಕೇಳುತ್ತಿದ್ದಾರೆ, ಕೊಡುವ ಹಾಗಿಲ್ಲ ಅಂದಳು ನರ್ಸ್. ಅದು ನೀರಲ್ಲ ಅಂತ ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಾನು ಹೋಗಿ ಹೇಳುತ್ತೇನೆ ಸರ್, ನಿಶ್ಚಿಂತೆಯಾಗಿರಿ ಅಂತ ಅವರ ಕಿವಿಯಲ್ಲಿ ಅಂದಿದ್ದರೆ ಸಾಕಿತ್ತು. ಪಕ್ಕದಲ್ಲಿ ಗೀತಾ ನಿಂತಿದ್ದಳು. "ಬೇಗ ಹುಷಾರಾಗಿ ಸರ್, ವೈವಾ ಇದೆ," ಅಂದೆ. ಬೆರಳು ನಿಂತಿತು. ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಎರಡು ದಿನದ ಮೇಲೆ ಹೋದರು.

ಮಣ್ಣಿನ ದಿನ ಅಳಿಯ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ, ಪುಣ್ಯವಂತರು, ಕೊನೇವರೆಗೂ ಏನೂ ಗೊತ್ತಾಗಲಿಲ್ಲ ಅಂತ. ಕೇಳಿದವರು ಹೌದು ಹೌದು ಅಂತ ತಲೆಯಾಡಿಸಿದರು. ಯೂನಿಫಾರ್ಮು ಬೀರುವಿನ ಹಿಡಿಯಲ್ಲೇ ನೇತಾಡುತ್ತಿತ್ತು. ಹೆಣಕ್ಕೆ ಹೊಸ ಪಂಚೆ ಹೊದಿಸಿದ್ದರು. ಕಿರುಪ್ರಬಂಧ ನನ್ನ ಹತ್ತಿರವೇ ಉಳಿಯಿತು. ಅದರಲ್ಲಿ ಕೌಂಟು ರೈನ್ ನದಿ ದಾಟಿದ್ದಾನೆ, ಆಮೇಲೆ ಖಾಲಿ ಹಾಳೆ. ಮುಂದಿನ ಜೂನಿನಲ್ಲಿ ನನಗೆ ಗೌರಿಬಿದನೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹೊರಟುಹೋದೆ. ಶಿಡ್ಲಘಟ್ಟದ ದಾರಿಯನ್ನೇ ನಾಲ್ಕು ವರ್ಷ ತುಳಿಯಲಿಲ್ಲ.

ಮೊನ್ನೆ ಪರೀಕ್ಷೆ ಮುಗಿದ ಮೇಲೆ ಬಸ್ ಹತ್ತದೆ ಕೋಟೆ ಹಿಂದಿನ ಬೀದಿಯನ್ನು ಕೇಳಿಕೊಂಡು ಹೋದೆ. ತಗಡಿನ ಚಾವಣಿಯ ಉದ್ದನೆ ಶೆಡ್ಡು. ಒಳಗೆ ಹತ್ತು ಹನ್ನೆರಡು ಹೆಂಗಸರು ಬಿಸಿನೀರಿನ ತೊಟ್ಟಿಗಳ ಮುಂದೆ ಕೂತು ಗೂಡಿನಿಂದ ಎಳೆ ಹಿಡಿದು ಕೊಡುತ್ತಿದ್ದರು, ಮೋಟರು ಅದನ್ನು ಸುತ್ತಿಕೊಳ್ಳುತ್ತಿತ್ತು. ಮೆಹರುನ್ನೀಸಾ ಯಾರು ಅಂತ ಕೇಳಿದಾಗ ಕೊನೆಯ ತೊಟ್ಟಿಯವಳು ತಲೆಯೆತ್ತಿದಳು. ಐವತ್ತರ ಮೇಲಿನ ವಯಸ್ಸು, ತೆಳ್ಳಗಿನ ಮುಖ, ನೀರಿನಲ್ಲಿ ಬೆಂದು ಬಿಳಿಚಿದ ಬೆರಳು. ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮೋಟರಿನ ಸದ್ದಿನಲ್ಲಿ, ಎಲ್ಲ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಮೂಲೆಯಾಗೆ ಸ್ಕೂಟರ್ ನಿಲ್ಲಿಸ್ತಿದ್ದ ಸಾಬ್ ತಾನೇ? ನೋಡೀನಿ. ಏನೋ ಹೇಳಾಕ್ ಬರ್ತಾರೆ ಅಂತ ಪ್ರತಿ ಸಲ ಕಾದೀನಿ," ಅಂದಳು. ಇನ್ನೊಂದು ಗೂಡಿನ ಎಳೆ ಹಿಡಿದು ಕೊಟ್ಟು ಕೇಳಿದಳು: "ಸಾಯ್ತೀನಿ ಅಂತ ಅವ್ರಿಗೆ ಗೊತ್ತಿತ್ತಾ?"

ಇಲ್ಲ ಅಂದೆ.

"ನಿಮ್ಗೆ?"

ಗೊತ್ತಿತ್ತು ಅಂದೆ.

ಅವಳು ತೊಟ್ಟಿಯಿಂದ ಕೈ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ಅವ್ರು ಸುಳ್ಳು ಬರೆದ್ರು. ನೀವ್ ಸುಳ್ಳು ಹೇಳಿದ್ರಿ. ಇದ್ದುದ್ ಇದ್ದಂಗೆ ಹೇಳ್ದೋನು ನನ್ ಗಂಡ ಒಬ್ನೇ ಟೀಚರಮ್ಮಾ."

ಅವಳು ಎದ್ದು ಗೋಡೆಯ ಹತ್ತಿರ ಹೋಗಿ ಮೋಟರಿನ ಸ್ವಿಚ್ ಆರಿಸಿದಳು. ಚಕ್ರಗಳು ನಿಧಾನವಾಗಿ ನಿಂತವು. ಹೆಂಗಸರೆಲ್ಲ ತಿರುಗಿ ನೋಡಿದರು.

"ಈಗ ಹೇಳಿ," ಅಂದಳು. "ಜೋರಾಗಿ ಹೇಳಿ. ನಿನ್ ಗಂಡ ಇಬ್ರನ್ನ ಕೊಂದ ಅಂತ ಇವ್ರೆಲ್ಲಾ ಇಪ್ಪತ್ತೇಳು ವರ್ಷ ನಂಗೆ ಹೇಳವ್ರಲ್ಲ, ಈಗ ಇವ್ರೂ ಕೇಳ್ಲಿ."

ನಾನು ಎದ್ದು ನಿಂತೆ. ಇನಾಯತ್ ಹೊರಡುವ ಮುಂಚೆ ಬ್ರೇಕ್ ಸರಿಯಿಲ್ಲ ಅಂತ ಹೇಳಿದ್ದರು, ಗಾಡಿ ಕಳಿಸಬೇಡಿ ಅಂತ ಕೇಳಿದ್ದರು, ಹೊರಡಿಸಿದವರು ಬೈರೆಡ್ಡಿ ಅಂತ ಹೇಳಿದೆ. ಶೆಡ್ಡಿನ ಕೊನೆಯವರೆಗೂ ಕೇಳಿಸುವ ಹಾಗೆ, ಪಾಠ ಮಾಡುವ ದನಿಯಲ್ಲೇ ಹೇಳಿದೆ. ಮೆಹರುನ್ನೀಸಾ ಸ್ವಿಚ್ ಹಾಕಿ, ತನ್ನ ಜಾಗಕ್ಕೆ ಹೋಗಿ ಕೂತು, ಬಿಸಿನೀರಿಗೆ ಕೈ ಹಾಕಿದಳು.